ಕೈಯಿಂದ ಕೊಂಬೆ ಕೊಡುವ ಹಳೆಯ ಚಿಪ್ಪರ್: ವರ್ಷಗಟ್ಟಲೆ ಬಳಸುವವರಿಗೆ ಗೊತ್ತಾಗುವುದು

ಚಿಪ್ಪರ್ ಎಂದರೆ ಕೊಂಬೆಗಳನ್ನು ಚಕ್ಕೆಯಾಗಿ ಕಡಿಯುವ ಯಂತ್ರ. ಕೊಂಬೆಯನ್ನು ಒಳಗೆಳೆಯುವ ರೋಲರ್ ಇಲ್ಲದ ಹಳೆಯ ಚಿಪ್ಪರ್‌ಗಳಲ್ಲಿ ಎರಡು ಬಗೆ. ಭಾರದ ಡಿಸ್ಕ್‌ಗೆ ಎರಡೋ ನಾಲ್ಕೋ ಬ್ಲೇಡ್ ಕೂರಿಸಿದ್ದು ಒಂದು, ಡ್ರಮ್‌ಗೆ ಬ್ಲೇಡ್ ಕೂರಿಸಿದ್ದು ಇನ್ನೊಂದು. ರೋಲರ್ ಇಲ್ಲದ ಡ್ರಮ್ ಯಂತ್ರ ಪುಕ್ಕಟೆ ಸಿಕ್ಕರೂ ಬೇಡ. ಡ್ರಮ್ಮೇ ಕೊಂಬೆಯನ್ನು ಕಚ್ಚಿ ಎಳೆದುಕೊಳ್ಳುತ್ತದೆ, ಆ ವೇಗಕ್ಕೆ ಲಗಾಮಿಲ್ಲ, ಡೊಂಕು ಕೊಂಬೆ ಚಾಟಿಯ ಹಾಗೆ ಬೀಸಿ ಬಡಿಯುತ್ತದೆ. ಅಮೆರಿಕದಲ್ಲಿ ಇದಕ್ಕೆ ‘ಚಕ್ ಅಂಡ್ ಡಕ್’ ಎಂದೇ ಅಡ್ಡಹೆಸರು: ಎಸೆ, ತಲೆ ತಗ್ಗಿಸು. ಮುಂದಿನದೆಲ್ಲ ಡಿಸ್ಕ್ ಯಂತ್ರದ ಮಾತು.

ಕೊಳ್ಳುವ ಮೊದಲು ಹಾಪರ್ (ಕೊಂಬೆ ತುರುಕುವ ಉದ್ದ ಬಾಯಿ) ಉದ್ದ ಅಳೆಯಿರಿ. ಯಾಂತ್ರಿಕ ಫೀಡ್ ಇಲ್ಲದ ಚಿಪ್ಪರ್‌ಗೆ ಬ್ಲೇಡ್‌ನಿಂದ ಹಾಪರ್‌ನ ಮಧ್ಯರೇಖೆಗುಂಟ ನೆಲದವರೆಗೆ 85 ಇಂಚಾದರೂ ಇರಬೇಕೆಂದು ಅಮೆರಿಕದಲ್ಲಿ ಮರ ಸವರುವವರ ಸುರಕ್ಷತೆಗಿರುವ ಆನ್ಸಿ ಝಡ್133 ಮಾನದಂಡ ಹೇಳುತ್ತದೆ. ಕೈ ಚಾಚಿದರೂ ಬ್ಲೇಡ್ ಮುಟ್ಟಬಾರದು, ಲೆಕ್ಕ ಅಷ್ಟೇ. ‘ಕೊಂಬೆ ತುರುಕಲು ಸಲೀಸು’ ಎಂದು ಯಾರೋ ಹಾಪರ್ ಕತ್ತರಿಸಿರುವ ಯಂತ್ರಗಳೂ ಮಾರಾಟಕ್ಕಿರುತ್ತವೆ. ಹೊಸ ಬೆಸುಗೆ, ಹೊಸ ಬಣ್ಣ ಕಂಡರೆ ಅನುಮಾನ ಪಡಿ. ಬಾಯಿಗೆ ತೂಗುಹಾಕಿದ ರಬ್ಬರ್ ಪರದೆ ಹರಿದಿದ್ದರೆ ಚಕ್ಕೆಗಳು ನೇರ ಮುಖಕ್ಕೇ ಹಾರುತ್ತವೆ, ಬದಲಿಸಿ.

ಈ ಯಂತ್ರದ ಒಳಿತು ಕೆಡುಕೆಲ್ಲ ಬ್ಲೇಡ್‌ನಲ್ಲಿದೆ. ಹರಿತವಿದ್ದರೆ ಕೊಂಬೆಯನ್ನು ತಾನೇ ಎಳೆದುಕೊಳ್ಳುತ್ತದೆ, ನೀವು ಕೈಬಿಟ್ಟರೆ ಸಾಕು. ಮೊಂಡಾದರೆ ಕೊಂಬೆ ಬಾಯಲ್ಲೇ ಕುಣಿಯುತ್ತದೆ. ಆಗ ಮನುಷ್ಯ ಕೈಯಿಂದ ನೂಕುತ್ತಾನೆ, ಅದಕ್ಕೂ ಬಗ್ಗದಿದ್ದರೆ ಕಾಲಿನಿಂದ ಒದೆಯುತ್ತಾನೆ. ಅವಘಡದ ದಾರಿ ಅದೇ. ಹೊರಬಂದದ್ದನ್ನು ಅಂಗೈಗೆ ಹಾಕಿ ನೋಡಿ: ಅಂಚು ಚೊಕ್ಕವಾಗಿರುವ ಚಕ್ಕೆಯಾದರೆ ಸರಿ, ಪುಡಿಯೂ ಉದ್ದ ನಾರೂ ಬೆರೆತಿದ್ದರೆ ಸಾಣೆಯ ಸಮಯ.

ಸಾಣೆಗೆ ಎಲ್ಲ ಬ್ಲೇಡ್‌ಗಳನ್ನೂ ಒಟ್ಟಿಗೆ ಬಿಚ್ಚಿ, ಎದುರುಬದುರಿನ ಜೋಡಿಯನ್ನು ಸಮನಾಗಿ ಸವೆಸಿ ತೂಗಿ ನೋಡಿ. ತೂಕ ಹೆಚ್ಚುಕಡಿಮೆಯಾದರೆ ಡಿಸ್ಕ್ ಅದುರಿ ಬೇರಿಂಗ್ ತಿನ್ನುತ್ತದೆ. ಅಂಚು ನೀಲಿಯಾಗುವಷ್ಟು ಬಿಸಿ ಮಾಡಿದರೆ ಹದ ಹೋಯಿತು. ಮರಳಿ ಕೂರಿಸುವಾಗ ಬೋಲ್ಟ್ ಹೊಸದಿರಲಿ, ಮೂಲ ಗ್ರೇಡ್‌ನದೇ ಇರಲಿ, ಬಿಗಿಯಲು ಟಾರ್ಕ್ ವ್ರೆಂಚ್ (ಬಿಗಿತ ಅಳೆಯುವ ಪಾನಾ) ಬಳಸಿ. ಬ್ಲೇಡ್‌ಗೂ ಎದುರಿನ ಆನ್ವಿಲ್‌ಗೂ (ಕೊಂಬೆಗೆ ಆಸರೆಯಾಗುವ, ಅಲುಗದ ಉಕ್ಕಿನ ಪಟ್ಟಿ) ನಡುವಿನ ಸಂದು ಸಾಮಾನ್ಯವಾಗಿ 1ರಿಂದ 1.5 ಮಿ.ಮೀ. ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಪ್ರತಿ ಬ್ಲೇಡನ್ನೂ ಆನ್ವಿಲ್ ಎದುರಿಗೆ ತಂದು, ಎರಡು ತುದಿಯಲ್ಲೂ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನೋಡಿ. ಸಂದು ಹೆಚ್ಚಾದರೆ ಬ್ಲೇಡ್ ಎಷ್ಟೇ ಹರಿತವಿದ್ದರೂ ನಾರು ಕಡಿಯದೆ ಮಡಚಿಕೊಳ್ಳುತ್ತದೆ.

ಎಂಜಿನ್ ನಿಲ್ಲಿಸಿದರೆ ಡಿಸ್ಕ್ ನಿಲ್ಲುವುದಿಲ್ಲ. ಭಾರಕ್ಕೆ ಒಂದು ನಿಮಿಷಕ್ಕೂ ಹೆಚ್ಚು ಸದ್ದಿಲ್ಲದೆ ತಿರುಗುತ್ತಲೇ ಇರುತ್ತದೆ, ಅದೇ ಅಪಾಯ. ಪೂರ್ತಿ ನಿಂತ ಮೇಲೆ ಸ್ಪಾರ್ಕ್ ಪ್ಲಗ್ ವೈರ್ ಕಿತ್ತು, ಡಿಸ್ಕ್‌ಗೆ ಲಾಕ್ ಪಿನ್ ಹಾಕಿ, ಆಮೇಲಷ್ಟೇ ಮುಚ್ಚಳ ತೆಗೆಯಿರಿ.

ಕೊಂಬೆ ಕೊಡುವಾಗ ಬಾಯಿಯ ಪಕ್ಕ ನಿಲ್ಲಿ, ಎದುರಿಗಲ್ಲ. ಬುಡ ಮೊದಲು, ಕವಲು ಕತ್ತರಿಸಿ. ಬ್ಲೇಡ್ ಕಚ್ಚಿತೋ, ಬಿಟ್ಟು ಹಿಂದೆ ಸರಿಯಿರಿ. ಗಿಡ್ಡ ತುಂಡುಗಳನ್ನು ಮುಂದಿನ ಉದ್ದ ಕೊಂಬೆಯ ಜೊತೆ ಸೇರಿಸಿ, ಇಲ್ಲವೇ ಮರದ ಕೋಲಿನಿಂದ ನೂಕಿ. ಕಬ್ಬಿಣದ ಸಲಾಕೆ ಬೇಡವೇ ಬೇಡ. ಅಗಲ ಮಣಿಕಟ್ಟಿನ ಗ್ಲೌಸ್, ಜೋತಾಡುವ ಬಟ್ಟೆ, ಹಗ್ಗ, ಬಳ್ಳಿ ಇವು ಸಿಕ್ಕರೆ ಯಂತ್ರ ಕೈಯನ್ನೂ ಕೇಳುತ್ತದೆ. ಕಣ್ಣಿಗೆ ಗಾಗಲ್ಸ್, ಕಿವಿಗೆ ಮಫ್ ಕಡ್ಡಾಯ.

ಕೆಲಸದ ಮಟ್ಟಿಗೆ: ಯಂತ್ರದ ಫಲಕದಲ್ಲಿ ಕೊಂಬೆಯ ದಪ್ಪ 10 ಸೆಂ.ಮೀ. ಎಂದಿದ್ದರೆ 6–7 ಸೆಂ.ಮೀ.ವರೆಗೆ ಮಾತ್ರ ನಿರಾಳ. ಹಸಿ ಕೊಂಬೆ ಒಣಗಿದ್ದಕ್ಕಿಂತ ಸುಲಭ. ಒದ್ದೆ ಎಲೆ, ತಾಳೆ ಗರಿಯಂಥ ನಾರಿನ ವಸ್ತು ಹೊರಹೋಗುವ ಕೊಳವೆಗೆ ಮೆತ್ತಿಕೊಳ್ಳುತ್ತವೆ. ನಡುನಡುವೆ ಗಟ್ಟಿ ಕೊಂಬೆ ಕೊಟ್ಟರೆ ಕೊಳವೆ ತಾನೇ ಒಂದಷ್ಟು ಸಾಫಾಗುತ್ತದೆ.

ಟ್ರಾಕ್ಟರ್‌ನ ಪಿಟಿಒಗೆ (ಬೇರೆ ಯಂತ್ರ ಓಡಿಸಲು ಎಂಜಿನ್ ತಿರುಗಿಸುವ ಶಾಫ್ಟ್) ಜೋಡಿಸುವ ಮಾದರಿಯಾದರೆ ಅದರ ವೇಗ ಸಾಮಾನ್ಯವಾಗಿ 540 ಆರ್‌ಪಿಎಂ (ನಿಮಿಷಕ್ಕೆ ಸುತ್ತು), ಶಾಫ್ಟ್ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಓಡಿಸಬೇಡಿ. ಶಿಯರ್ ಬೋಲ್ಟ್ (ಹೊರೆ ಮಿತಿಮೀರಿದಾಗ ತಾನು ತುಂಡಾಗಿ ಯಂತ್ರ ಉಳಿಸುವ ಬೋಲ್ಟ್) ಪದೇ ಪದೇ ತುಂಡಾದರೆ ಗಟ್ಟಿ ಬೋಲ್ಟ್ ಹಾಕಿ ಸುಮ್ಮನಾಗಬೇಡಿ. ಮೊದಲು ಬ್ಲೇಡ್ ನೋಡಿ, ಆಮೇಲೆ ಬೇರಿಂಗ್.