ಹಳೇ ಕಾರಿನ ವಾಟರ್ ಪಂಪ್: ಈಗಲೇ ಬದಲಿಸೋದಾ, ಸೋರುವವರೆಗೆ ಕಾಯೋದಾ?

ಮೊದಲು ಒಂದೇ ವಿಷಯ ತಿಳ್ಕೊಳ್ಳಿ: ಇಂಜಿನ್ ತಂಪಾಗಿಡುವ ದ್ರವವನ್ನು (ಕೂಲೆಂಟ್) ಸುತ್ತಿಸುವ ನಿಮ್ಮ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೋ (ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಬೆಲ್ಟ್), ಹೊರಗಿನ ಬೆಲ್ಟೋ?

ಟೈಮಿಂಗ್ ಬೆಲ್ಟ್ ಆದರೆ, 1.5 ಡೀಸೆಲ್ ಡಸ್ಟರ್ ಇದೆಯಲ್ಲ ಹಾಗೆ, ಕಾಯಲೇಬೇಡಿ. ಬೆಲ್ಟ್ ಬದಲಿಸುವಾಗ ಪಂಪೂ ಹಾಕಿಸಿ. ಪಂಪ್ ಕೈಗೆ ಸಿಗಬೇಕಾದರೆ ಬೆಲ್ಟ್ ಬಿಚ್ಚಲೇಬೇಕು, ಈಗ ಬಿಟ್ಟು ಆರು ತಿಂಗಳಿಗೆ ಸೋರಿದರೆ ಅದೇ ಮಜೂರಿ ಮತ್ತೆ ಕೊಡಬೇಕು. ಇನ್ನೂ ಕೆಟ್ಟದ್ದೆಂದರೆ ಪಂಪಿನ ಬೇರಿಂಗ್ ಜಾಮ್ ಆಗಿ ಬೆಲ್ಟ್ ಹರಿಯುವುದು. ಆಗ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಇಂಜಿನ್ನೇ ಬಿಚ್ಚಬೇಕಾಗುತ್ತದೆ. ಹಿಂದಿನ ಮಾಲೀಕರ ಹತ್ತಿರ ಬಿಲ್ ಇಲ್ಲವಾ? ಬದಲಿಸಿಲ್ಲ ಅಂತಲೇ ತಿಳಿಯಿರಿ.

ಹೊರಗಿನ ಬೆಲ್ಟ್ ಆದರೆ, ಉದಾಹರಣೆಗೆ ಟೈಮಿಂಗ್ ಬೆಲ್ಟ್ ಬದಲು ಚೈನ್ ಇರುವ 1.3 ಡೀಸೆಲ್ ಸ್ವಿಫ್ಟ್, ಸುಮ್ನೆ ಬದಲಿಸೋದು ದುಡ್ಡು ದಂಡ. ನೋಡ್ಕೊಂಡು ಓಡಿಸಿ. ಪಂಪಿನ ಕೆಳಗೊಂದು ಸಣ್ಣ ತೂತು ಇರುತ್ತದೆ, ಒಳಗಿನ ಸೀಲ್ ಸವೆದರೆ ಕೂಲೆಂಟ್ ಅಲ್ಲಿಂದ ಜಿನುಗುತ್ತದೆ. ಟಾರ್ಚ್ ಹಿಡಿದು ನೋಡಿ. ಹಸಿರೋ ಗುಲಾಬಿಯೋ ಬಣ್ಣದ ಧಾರೆ ಒಣಗಿ ಅಂಟಿದ್ದರೆ, ಬೆಲ್ಟ್ ತೆಗೆದಾಗ ಪುಲ್ಲಿ ಅಲ್ಲಾಡಿದರೆ, ಗರಗರ ಸದ್ದು ಬಂದರೆ ಬದಲಿಸಿ.

ನಮ್ಮ ವಿಜಯಪುರದಲ್ಲಿ ಇನ್ನೊಂದು ಲೆಕ್ಕ ಇದೆ. ಕೂಲೆಂಟ್ ಬದಲು ಬರೀ ಬೋರ್‌ವೆಲ್ ನೀರು ಹಾಕಿ ಓಡಿಸಿದ ಗಾಡಿಗಳು ಸಿಗುತ್ತವೆ. ಇಂಜಿನ್ ಪೂರ್ತಿ ತಣ್ಣಗಿರುವಾಗ ಕೂಲೆಂಟ್ ಹಾಕುವ ಮುಚ್ಚಳ ತೆಗೆದು ನೋಡಿ. ನೀರು ಕೆಂಪು ತುಕ್ಕಿನ ಬಣ್ಣದಲ್ಲಿದ್ದರೆ ಪಂಪ್ ಒಳಗೂ ತುಕ್ಕು ಹಿಡಿದಿರಬಹುದು. ಅಂಥ ಗಾಡಿಯಲ್ಲಿ ಯಾವ ಬೆಲ್ಟ್ ಇದ್ದರೂ ನಾನಂತೂ 40 ಡಿಗ್ರಿ ಬಿಸಿಲು ಶುರುವಾಗುವ ಮೊದಲೇ ಪಂಪ್ ಬಿಚ್ಚಿಸಿ ನೋಡುತ್ತೇನೆ.