ಲಿಂಫ್ ಡ್ರೈನೇಜ್ ಮಸಾಜ್: ಎರಡು ವರ್ಷ ಬಳಸಿದ ಮೇಲೆ ಹೆಚ್ಚು ಅಂಕ ಬ್ಯಾಂಡೇಜಿಗೆ

ಮಸಾಜ್ ಮುಗಿದು ಮಂಚದಿಂದ ಎದ್ದಾಗ ಊದಿದ್ದ ತೋಳು ಹಗುರ. ಬಳೆ ಸಲೀಸಾಗಿ ಸರಿಯುತ್ತದೆ, ಬ್ಲೌಸಿನ ತೋಳು ಕಚ್ಚುವುದಿಲ್ಲ, ಮೊಣಕೈ ಪೂರ್ತಿ ಮಡಚುತ್ತದೆ. ಅದೇ ತೋಳಿಗೆ ಏನೂ ಸುತ್ತದೆ ಮನೆಗೆ ಬಂದು, ಒಂದು ಬಕೆಟ್ ಬಟ್ಟೆ ಹಿಂಡಿ, ರಾತ್ರಿ ಅಡುಗೆ ಮುಗಿಸಿ ಟೇಪು ಹಿಡಿದರೆ ಬೆಳಗಿನ ಅಳತೆಯೇ ವಾಪಸು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಈ ಸೇವೆಯ ದೊಡ್ಡ ದೋಷ ಇದೇ. ಸೆಷನ್ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವವರಲ್ಲಿ ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳುವವರು ಕಡಿಮೆ.

ಸ್ತನ ಕ್ಯಾನ್ಸರಿನ ಆಪರೇಷನ್ನಿನಲ್ಲಿ ಕಂಕುಳಿನ ಲಿಂಫ್ ಗಂಟುಗಳನ್ನು ತೆಗೆಸಿಕೊಂಡು, ಕೆಲವರಿಗೆ ಅದರ ಮೇಲೆ ರೇಡಿಯೇಷನ್ನೂ ಆಗಿ, ಆಮೇಲೆ ಆ ಕಡೆಯ ತೋಳು ಊದಿಕೊಂಡವರ ಲೆಕ್ಕದಲ್ಲಿ ಇದನ್ನು ಬರೆದಿದೆ. ಲಿಂಫ್ ಅಂದರೆ ಮೈಯೊಳಗೆ ಸೋರಿದ್ದು ರಕ್ತಕ್ಕೆ ಮರಳುವ ತಿಳಿ ದ್ರವ, ಗಂಟುಗಳು ಅದನ್ನು ಸೋಸುವ ಜಾಗ; ಉಳಿದದ್ದನ್ನೆಲ್ಲ ಆಸ್ಪತ್ರೆಯ ಕರಪತ್ರದಲ್ಲಿ ಓದಿರುತ್ತೀರಿ. ಅದನ್ನು ಬಿಡೋಣ.

ಪಳಗಿದ ಕೈ ಹೌದೋ ಅಲ್ಲವೋ ಮೊದಲ ಐದು ನಿಮಿಷದಲ್ಲೇ ತಿಳಿಯುತ್ತದೆ. ಎಣ್ಣೆ ಬಾಟಲಿ ಹೊರಗೆ ಬಂತೆಂದರೆ ಅನುಮಾನಪಡಿ. ನಮ್ಮಲ್ಲಿ ಮಸಾಜ್ ಅಂದರೆ ಹಬ್ಬದ ಅಭ್ಯಂಜನ: ಹರಳೆಣ್ಣೆ, ಬಲವಾದ ತಿಕ್ಕು, ಹಂಡೆಯ ಬಿಸಿನೀರು. ಊದಿದ ತೋಳಿಗೆ ಆ ಬಲವಾದ ತಿಕ್ಕೂ ಬಿಸಿನೀರೂ ಆಗಿಬರುವುದಿಲ್ಲ. ಇಲ್ಲಿ ಕೈ ಒಣಗಿರಬೇಕು, ಏಕೆಂದರೆ ಚರ್ಮದ ಮೇಲೆ ಜಾರುವುದು ಇಲ್ಲಿಯ ಕೆಲಸವೇ ಅಲ್ಲ, ಚರ್ಮವನ್ನು ಹಿಡಿದು ಒಂದು ದಿಕ್ಕಿಗೆ ಎಳೆದು ಬಿಡಬೇಕು. ಲಿಂಫ್‌ನ ಮೊದಲ ಎಳೆಗಳು, ಅಂದರೆ ಅತಿ ಸಣ್ಣ ನಾಳಗಳು, ಚರ್ಮದ ಮೇಲ್ಪದರಕ್ಕೆ ಸ್ವಲ್ಪ ಕೆಳಗೇ ಇವೆ. ಅವುಗಳ ಗೋಡೆಗೆ ಸೂಕ್ಷ್ಮ ದಾರಗಳು ಹೆಣೆದುಕೊಂಡಿವೆ. ಚರ್ಮ ಎಳೆದಾಗ ಆ ದಾರಗಳು ಬಿಗಿದು ನಾಳಗಳ ಬಾಯಿ ತೆರೆದು ದ್ರವ ಒಳಗೆ ಸೇರುತ್ತದೆ, ಬಿಟ್ಟಾಗ ಮುಂದೆ ಹೋಗುತ್ತದೆ. ಜೋರಾಗಿ ಒತ್ತಿದರೆ ಎಳೆಗಳು ಚಪ್ಪಟೆಯಾಗುತ್ತವೆ. ಸಾಲದ್ದಕ್ಕೆ ಚರ್ಮಕ್ಕೆ ರಕ್ತ ನುಗ್ಗಿ ಇನ್ನಷ್ಟು ದ್ರವ ಹೊರಗೆ ಸೋರುತ್ತದೆ. ಹಾಲಿನ ಕೆನೆಯನ್ನು ಹರಿಯದಂತೆ ಪಕ್ಕಕ್ಕೆ ಸರಿಸುತ್ತೀರಲ್ಲ, ಅಷ್ಟು ಒತ್ತಡ ಸಾಕು. ಚರ್ಮ ಕೆಂಪಾದರೆ ತಪ್ಪಾಗಿದೆ ಎಂದೇ ಅರ್ಥ. "ನೋವಾದರೇನೇ ಕೆಲಸ ಆಗೋದು ಮೇಡಂ" ಎನ್ನುವವರ ಹತ್ತಿರ ಎರಡನೇ ಸಲ ಹೋಗಬೇಡಿ.

ಎರಡನೇ ಗುರುತು, ಶುರು ಎಲ್ಲಿಂದ ಎಂಬುದು. ಬಲತೋಳು ಊದಿದ್ದರೆ ಬಲತೋಳನ್ನು ಮುಟ್ಟುವುದು ಅರ್ಧ ಹೊತ್ತು ಕಳೆದ ಮೇಲೆ. ಮೊದಲು ಕುತ್ತಿಗೆ: ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಎರಡೂ ಕಡೆ ನಿಧಾನವಾದ ಸುತ್ತುಗಳು, ಹತ್ತೋ ಹದಿನೈದೋ. ಮೈಯ ಲಿಂಫ್ ರಕ್ತನಾಳಕ್ಕೆ ಸೇರುವುದು ಅಲ್ಲೇ. ತೂಬು ತೆಗೆಯದೆ ಕಾಲುವೆಗೆ ನೀರು ಬಿಟ್ಟು ಪ್ರಯೋಜನವಿಲ್ಲ. ಆಮೇಲೆ ಹೊಟ್ಟೆ ಉಬ್ಬುವಂತೆ ಐದು ದೀರ್ಘ ಉಸಿರು. ನಂತರ ಎಡ ಕಂಕುಳು, ಅಂದರೆ ಗಂಟುಗಳು ಸರಿಯಾಗಿರುವ ಕಡೆ. ಅದನ್ನು ತೆರವು ಮಾಡಿ ಎದೆಯ ಬಲಭಾಗದಿಂದ ಎಡ ಕಂಕುಳಿನತ್ತ ಚರ್ಮವನ್ನು ಹಂತಹಂತವಾಗಿ ಎಳೆಯುತ್ತಾರೆ. ಆಮೇಲೆ ಬಲ ತೊಡೆಸಂದು, ಬಲ ಕಂಕುಳಿನಿಂದ ಪಕ್ಕೆಯ ಗುಂಟ ಆ ಸಂದಿನತ್ತ. ಬೆನ್ನಿಗೂ ಇದೇ ಕ್ರಮ. ಹೀಗೆ ಪಕ್ಕದ ಬೀದಿಗಳನ್ನು ಬಿಡಿಸಿಕೊಂಡ ಮೇಲೇ ತೋಳಿನ ಸರದಿ: ಮೊದಲು ರೆಟ್ಟೆಯ ಹೊರಭಾಗ, ಭುಜದ ಕಡೆಗೆ, ಆಮೇಲೆ ಮೊಣಕೈ ಮಡಿಕೆ, ಮುಂಗೈ, ಹಸ್ತ, ಕೊನೆಗೆ ಬೆರಳು. ಕೆಳಗಿನ ಪ್ರತಿ ತುಂಡಿನ ಕೆಲಸ ಮುಗಿದಾಗ ಕೈ ಮತ್ತೆ ಮೇಲಿನವರೆಗೂ ಹೋಗಿ ಬರಬೇಕು. ಒಂದೊಂದು ಜಾಗದಲ್ಲಿ ಐದರಿಂದ ಏಳು ಸಲ. ಒಟ್ಟು 45ರಿಂದ 60 ನಿಮಿಷ. ನೇರವಾಗಿ ಹಸ್ತದಿಂದ ಮೇಲಕ್ಕೆ ಉಜ್ಜಲು ಶುರು ಮಾಡಿ ಇಪ್ಪತ್ತು ನಿಮಿಷಕ್ಕೆ ಎಬ್ಬಿಸಿದರೆ ನಿಮಗೆ ಸಿಕ್ಕಿದ್ದು ಬರೀ ಮಸಾಜ್.

ಡೆನ್ಮಾರ್ಕಿನ ಎಮಿಲ್ ವೋಡರ್ ಮತ್ತು ಅವರ ಪತ್ನಿ ಎಸ್ಟ್ರಿಡ್ ಫ್ರಾನ್ಸಿನಲ್ಲಿದ್ದಾಗ ಈ ಕ್ರಮವನ್ನು ರೂಪಿಸಿ 1936ರಲ್ಲಿ ಪ್ಯಾರಿಸಿನಲ್ಲಿ ಜನರ ಮುಂದಿಟ್ಟರು. ಆದರೆ ಊದಿದ ಕೈಕಾಲಿಗೆ ಬರೀ ಮಸಾಜ್ ಸಾಲದು ಎಂದು ಜರ್ಮನಿಯಲ್ಲಿ ಫೋಲ್ಡಿ ದಂಪತಿ ಅದಕ್ಕೆ ಬ್ಯಾಂಡೇಜ್, ವ್ಯಾಯಾಮ, ಚರ್ಮದ ಆರೈಕೆ ಸೇರಿಸಿ ನಾಲ್ಕನ್ನೂ ಒಂದೇ ಚಿಕಿತ್ಸೆಯಾಗಿ ಕಟ್ಟಿದರು. ಇವತ್ತು ಕ್ಯಾನ್ಸರ್ ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗಗಳು ನಡೆಸುವುದು ಈ ನಾಲ್ಕರ ಕಟ್ಟನ್ನು. ಸ್ಪಾಗಳು ಅದರಿಂದ ಒಂದನ್ನು ಮಾತ್ರ ಕಿತ್ತು ಮಾರುತ್ತವೆ, ಅದೂ ಚೆಂದ ಕಾಣುವ ಒಂದನ್ನು.

ಈ ನಾಲ್ಕರಲ್ಲಿ ದುಡಿಯುವುದು ಯಾವುದು? ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ಪರಾಮರ್ಶೆಯಲ್ಲಿ ಇದಕ್ಕೆ ಅಂಕಿಯೇ ಇದೆ: ಬ್ಯಾಂಡೇಜ್ ಒಂದರಿಂದಲೇ ತೋಳಿನ ಊತ ಶೇ 30ರಿಂದ 38.6ರಷ್ಟು ಇಳಿಯಿತು. ಜೊತೆಗೆ ಮಸಾಜ್ ಕೊಟ್ಟಾಗ ಹೆಚ್ಚುವರಿಯಾಗಿ ಇಳಿದದ್ದು ಶೇ 7.11. ಮಸಾಜಿನಿಂದ ಅಪಾಯವಿಲ್ಲ, ಊತ ಸಣ್ಣದಿದ್ದಾಗ ಲಾಭ ಸ್ವಲ್ಪ ಜಾಸ್ತಿ ಎಂಬುದೂ ಅಲ್ಲಿದೆ. ಬೆಲೆಪಟ್ಟಿ ನೋಡಿದರೆ ಮಾತ್ರ ಲೆಕ್ಕ ತಲೆಕೆಳಗು. ಏಳಕ್ಕೆ ಪ್ರತಿ ಸಲ ದುಡ್ಡು, ಮೂವತ್ತಕ್ಕೆ ಒಂದು ಸಲ.

ಆ ಮೂವತ್ತರ ವಿಷಯಕ್ಕೆ ಬರೋಣ. ಮೆಡಿಕಲ್ ಶಾಪಿನಲ್ಲಿ "ಬ್ಯಾಂಡೇಜ್ ಕೊಡಿ" ಎಂದರೆ ಕ್ರೇಪ್ ಬ್ಯಾಂಡೇಜ್ ಕೈಗಿಡುತ್ತಾರೆ. ಅದು ಬೇಡ. ಕ್ರೇಪ್ ರಬ್ಬರಿನ ಹಾಗೆ ದುಪ್ಪಟ್ಟಿಗಿಂತ ಹೆಚ್ಚು ಎಳೆಯುತ್ತದೆ. ತೋಳು ಸುಮ್ಮನಿದ್ದಾಗಲೂ ಹಿಂಡುತ್ತಲೇ ಇರುತ್ತದೆ, ಸ್ನಾಯು ಕೆಲಸ ಮಾಡುವಾಗ ಸಡಿಲ ಬಿಟ್ಟುಕೊಡುತ್ತದೆ. ನಮಗೆ ಬೇಕಾದದ್ದು ಇದರ ಉಲ್ಟಾ. ಶಾರ್ಟ್ ಸ್ಟ್ರೆಚ್ ಎಂದು ಕೇಳಿ ತೆಗೆದುಕೊಳ್ಳಿ. ಅದು ದಪ್ಪ ಹತ್ತಿಯದು, ಎಳೆದರೂ ಹೆಚ್ಚು ಬರುವುದಿಲ್ಲ. ಸುಮ್ಮನಿದ್ದಾಗ ಹಗುರ, ಮುಷ್ಟಿ ಬಿಗಿದಾಗ ಗೋಡೆ. ಸ್ನಾಯು ಆ ಗೋಡೆಗೆ ಒತ್ತಿ ಒತ್ತಿ ದ್ರವವನ್ನು ಮೇಲಕ್ಕೆ ತಳ್ಳುತ್ತದೆ. ರಾತ್ರಿ ಮಲಗುವಾಗಲೂ ಕಟ್ಟಿಕೊಂಡಿರಬಹುದಾದದ್ದು ಇದೇ ಕಾರಣಕ್ಕೆ. ಕ್ರೇಪ್ ಕಟ್ಟಿಕೊಂಡು ಮಲಗಿದರೆ ಬೆಳಿಗ್ಗೆ ಬೆರಳು ನೀಲಿ.

ಸುತ್ತುವ ಕ್ರಮ ಹೀಗೆ. ಮೊದಲು ಲೋಷನ್, ಅದು ಹೀರಿದ ಮೇಲೆ ಹತ್ತಿಯ ಕೊಳವೆ ಬಟ್ಟೆ. ಬೆರಳುಗಳಿಗೆ 4 ಸೆಂ.ಮೀ. ಅಗಲದ ಗಾಜ್ ಬಟ್ಟೆಯ ಪಟ್ಟಿ, ತುದಿಗಳನ್ನು ಹೊರಗೆ ಬಿಟ್ಟು. ಅದರ ಮೇಲೆ ಹತ್ತಿ ಅಥವಾ ಫೋಮ್ ಪದರ. ಮೊಣಕೈ ಮಡಿಕೆಯಲ್ಲಿ ಮತ್ತು ಹೆಬ್ಬೆರಳಿನ ಬುಡದಲ್ಲಿ ಎರಡು ಪಟ್ಟು ದಪ್ಪ ಇಡಿ, ಇಲ್ಲದಿದ್ದರೆ ಕೊರೆಯುವುದು ಅಲ್ಲೇ. ಆಮೇಲೆ 6 ಸೆಂ.ಮೀ. ಸುರುಳಿ ಹಸ್ತಕ್ಕೆ, 8ರದ್ದು ಮುಂಗೈಗೆ, 10ರದ್ದು ಮೇಲಿನವರೆಗೆ. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು. ಬಿಗಿ ಕೆಳಗೆ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಹೊಸಬರು ಮಾಡುವ ತಪ್ಪು ಒಂದೇ: ಜಾರೀತೆಂಬ ಭಯಕ್ಕೆ ರೆಟ್ಟೆಯ ಹತ್ತಿರ ಜೋರಾಗಿ ಎಳೆದು ಕಟ್ಟುವುದು. ಆಗ ದ್ರವ ಕೆಳಗೇ ಸಿಕ್ಕಿಕೊಂಡು ಹಸ್ತ ಬನ್ನಿನ ಹಾಗೆ ಉಬ್ಬುತ್ತದೆ. ಕಟ್ಟಿ ಮುಗಿದ ಮೇಲೆ ಉಗುರು ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಜುಮುಜುಮು, ಮರಗಟ್ಟುವಿಕೆ, ನೀಲಿ ಬಣ್ಣ, ಯಾವುದು ಕಂಡರೂ ಬಿಚ್ಚಿ ಮತ್ತೆ ಸುತ್ತಿ. ನಂತರ ಕಟ್ಟಿಕೊಂಡೇ ಮುಷ್ಟಿ ಹಿಡಿಯುವುದು, ಮೊಣಕೈ ಮಡಚುವುದು, ತಲಾ ಹದಿನೈದು, ದಿನಕ್ಕೆ ಎರಡು ಹೊತ್ತು.

ಮೊದಲ ಎರಡರಿಂದ ನಾಲ್ಕು ವಾರ ವಾರಕ್ಕೆ ಐದು ದಿನ ಮಸಾಜ್, ಉಳಿದ ಹೊತ್ತೆಲ್ಲ ಬ್ಯಾಂಡೇಜ್. ಹೆಚ್ಚು ಇಳಿಯುವುದು ಮೊದಲ ವಾರದಲ್ಲೇ. ಏಪ್ರಿಲ್ ತಿಂಗಳಲ್ಲಿ ಇದನ್ನು ಶುರು ಮಾಡುವುದು ಶತ್ರುವಿಗೂ ಬೇಡ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಮಳೆಗಾಲವೋ ಚಳಿಗಾಲವೋ ನೋಡಿಕೊಳ್ಳಿ.

ಅಳತೆ ಇಳಿಯುವುದು ನಿಂತ ಮೇಲೆ ಸ್ಲೀವ್, ಅಂದರೆ ತೋಳನ್ನು ಒತ್ತಿ ಹಿಡಿಯುವ ಬಿಗಿ ತೋಳುಚೀಲ. ಇದನ್ನು ಬೆಳಿಗ್ಗೆ ಎದ್ದ ಕೂಡಲೇ, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಏರಿಸಿದರೆ ಉಗುರು ತಾಗಿ ಎಳೆ ಹರಿಯುವುದಿಲ್ಲ, ಸುಕ್ಕೂ ಸರಾಗವಾಗಿ ಹೋಗುತ್ತದೆ. ಲೋಷನ್ ಹಚ್ಚುವುದು ರಾತ್ರಿಗೆ ಇಟ್ಟುಕೊಳ್ಳಿ. ಕೊಬ್ಬರಿ ಎಣ್ಣೆ ಹಚ್ಚಿದ ಕೈ ಮೇಲೆ ಹಾಕಿದರೆ ಸ್ಲೀವಿನ ಬಿಗಿ ಬೇಗ ಹೋಗುತ್ತದೆ. ಉದ್ದ ಜಾಸ್ತಿಯಾಯಿತೆಂದು ಮೇಲಿನ ಅಂಚನ್ನು ಮಡಚಬಾರದು, ಆ ಪಟ್ಟಿಯಲ್ಲಿ ಒತ್ತಡ ಎರಡು ಪಟ್ಟಾಗಿ ಹಗ್ಗ ಕಟ್ಟಿದಂತಾಗುತ್ತದೆ. ಹಸ್ತವೂ ಊದುವವರು ಹಸ್ತದ ಭಾಗವನ್ನೂ ಸೇರಿಸಿಯೇ ಕೊಳ್ಳಬೇಕು. ದಿನಾ ತೊಳೆದು ನೆರಳಲ್ಲಿ ಒಣಗಿಸಲು ಎರಡು ಬೇಕು, ಆರು ತಿಂಗಳಿಗೊಮ್ಮೆ ಬದಲಿಸಬೇಕು. ಖರ್ಚು ನಿಜವಾಗಿ ಕಚ್ಚುವುದು ಇಲ್ಲಿ.

ಇಷ್ಟೆಲ್ಲ ಹೇಳಿದ ಮೇಲೂ ಮಸಾಜನ್ನು ಬಿಟ್ಟುಬಿಡಿ ಎನ್ನಲು ಮನಸ್ಸು ಬಾರದು. ಬಾಡಿಗೆಯ ಕೈ ಬಿಟ್ಟು ನಿಮ್ಮ ಕೈಯಲ್ಲೇ ಮಾಡಿಕೊಳ್ಳುವ ಹದಿನೈದು ಇಪ್ಪತ್ತು ನಿಮಿಷದ ಆವೃತ್ತಿ ಇದೆಯಲ್ಲ, ಅದರ ರುಚಿಯೇ ಬೇರೆ. ಮನೆ ಏಳುವ ಮೊದಲು, ಹಾಲು ಬರುವ ಮೊದಲು, ಹಾಸಿಗೆಯಲ್ಲೇ ಅಂಗಾತ ಮಲಗಿ ಎರಡು ಬೆರಳು ಕೊರಳಿನ ಗುಳಿಯಲ್ಲಿಟ್ಟರೆ ಸಾಕು. ಹೊಟ್ಟೆಯ ಉಸಿರು ಐದಾಗುವಷ್ಟರಲ್ಲಿ ಭುಜ ತಾನಾಗಿ ಕೆಳಗಿಳಿಯುತ್ತದೆ. ವೇಗ ಮುಖ್ಯ: ಎಳೆಯುವುದಕ್ಕೆ ಒಂದು ಎಣಿಕೆ, ಬಿಡುವುದಕ್ಕೆ ಒಂದು ಎಣಿಕೆ; ಅವಸರವಾದರೆ ಎಳೆದ ಚರ್ಮ ಹಿಂದಕ್ಕೆ ಬರಲು ಪುರುಸೊತ್ತೇ ಸಿಗುವುದಿಲ್ಲ. ಕಲ್ಲಾಗಿದ್ದ ಮುಂಗೈ ಬೆರಳಿಗೆ ಹಿಟ್ಟಿನ ಹಾಗೆ ಮೆತ್ತಗಾಗುವುದು ಗೊತ್ತಾಗುತ್ತದೆ. ಎದ್ದ ಮೇಲೆ ಒಂದು ಸಲ ಜಾಸ್ತಿ ಮೂತ್ರಕ್ಕೆ ಹೋಗಬೇಕಾದೀತು. ತಕ್ಷಣ ಸ್ಲೀವ್ ಏರಿಸಿದರೆ ಆ ಮೆದುತನ ಮಧ್ಯಾಹ್ನದವರೆಗೂ ನಿಲ್ಲುತ್ತದೆ. ಒಳ್ಳೆಯ ಥೆರಪಿಸ್ಟಿನ ಹತ್ತಿರ ಹೋಗುವುದಿದ್ದರೆ ಇದನ್ನು ಕಲಿಯಲು ಹೋಗಿ. ಐದಾರು ಸೆಷನ್ನಿನಲ್ಲಿ ಕೈ ಕೂರುತ್ತದೆ. ಬೆನ್ನಿಗೆ ಮಾತ್ರ ಮನೆಯವರ ಸಹಾಯ ಬೇಕು. ಕಲಿಸುವುದಿಲ್ಲ, ಪ್ಯಾಕೇಜ್ ತಗೊಳ್ಳಿ ಎನ್ನುವವರಿಗೆ ದೂರದಿಂದಲೇ ನಮಸ್ಕಾರ.

ಹಾಗಾಗಿ ದುಡ್ಡಿನ ಸರದಿ ಇದು: ಮೊದಲು ಬ್ಯಾಂಡೇಜ್ ಸೆಟ್ಟು, ಆಮೇಲೆ ಅಳತೆಗೆ ತಕ್ಕ ಎರಡು ಸ್ಲೀವ್, ಉಳಿದದ್ದರಲ್ಲಿ ಮಸಾಜ್ ಕಲಿಕೆ. ಗಾಳಿ ತುಂಬಿ ಒತ್ತುವ ಪಂಪು ಕೊನೆಗೆ. ಎದೆ, ಪಕ್ಕೆ ತೆರವು ಮಾಡದೆ ಪಂಪಿಗೆ ತೋಳು ಕೊಟ್ಟರೆ ಊತ ಭುಜದ ಬುಡದಲ್ಲಿ ಬಂದು ಕೂರಬಹುದು.

ಸೊಂಟ ಇಳಿಯುತ್ತದೆ, ವಿಷ ಹೊರಹೋಗುತ್ತದೆ ಎಂಬ ಆಸೆಯಿಂದ ಇದನ್ನು ಹುಡುಕುತ್ತಿದ್ದರೆ: ಇಳಿಯುವುದು ನೀರು, ಕೊಬ್ಬಲ್ಲ, ಅದೂ ಒಂದೆರಡು ದಿನಕ್ಕೆ. ಲಿಂಫ್ ವ್ಯವಸ್ಥೆ ಆರೋಗ್ಯವಾಗಿರುವವರಿಗೆ ನಡಿಗೆ, ಉಸಿರು ಬಿಟ್ಟಿಯಾಗಿ ಅದೇ ಕೆಲಸ ಮಾಡಿಕೊಡುತ್ತವೆ. ಕರಾವಳಿಯಲ್ಲಿ, ಕಲಬುರಗಿ ಕಡೆ ಕಾಣುವ ಆನೆಕಾಲಿನ ಊತಕ್ಕಂತೂ ಮಸಾಜಿಗಿಂತ ಮೊದಲು ಸೋಪು ನೀರು. ಬೆರಳ ಸಂದಿಯನ್ನು ದಿನಾ ತೊಳೆದು ಒರೆಸಿ ಒಣಗಿಸುವುದರಿಂದ ಪದೇ ಪದೇ ಬರುವ ಜ್ವರ ಕಡಿಮೆಯಾಗುತ್ತದೆ. ಒಂದೊಂದು ಜ್ವರಕ್ಕೂ ಕಾಲು ಇನ್ನಷ್ಟು ದಪ್ಪವಾಗುತ್ತಾ ಹೋಗುತ್ತದೆ.

ತೋಳಿಗೂ ಜ್ವರದ್ದೇ ಭಯ. ಈಳಿಗೆ ಮಣೆಯ ಗೀರು, ಒಗ್ಗರಣೆಯ ಸಿಡಿತ, ಉಗುರು ಸುತ್ತಿನ ಸಿಪ್ಪೆ, ಇಷ್ಟು ಸಾಕು ಸೋಂಕು ಒಳಗೆ ಹೋಗಲು. ತೋಳು ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಮಸಾಜೂ ಇಲ್ಲ, ಬ್ಯಾಂಡೇಜೂ ಇಲ್ಲ. ಅದೇ ದಿನ ಡಾಕ್ಟರು, ಆಂಟಿಬಯೋಟಿಕ್. ರಕ್ತನಾಳದಲ್ಲಿ ಹೆಪ್ಪು, ಹತೋಟಿಗೆ ಬಾರದ ಹೃದಯ ವೈಫಲ್ಯ, ಕಿಡ್ನಿ ವೈಫಲ್ಯ ಇದ್ದವರು ಯಾವ ಕೈಗೂ ಮೈ ಕೊಡಬಾರದು. ಇದ್ದಕ್ಕಿದ್ದಂತೆ ಊತ ಹೆಚ್ಚಿದರೆ ಮಸಾಜ್ ಬುಕ್ ಮಾಡುವ ಮೊದಲು ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ.

ಕೊನೆಗೆ ಟೇಪಿನ ವಿಷಯ, ಏಕೆಂದರೆ "ಹಗುರ ಅನ್ನಿಸುತ್ತಾ?" ಎಂಬ ಪ್ರಶ್ನೆಗೆ ಮಂಚದ ಮೇಲೆ ಎಲ್ಲರೂ ಹೌದು ಎನ್ನುತ್ತಾರೆ. ದರ್ಜಿಯ ಟೇಪು ಸಾಕು. ಮಣಿಕಟ್ಟಿನಿಂದ ಪ್ರತಿ 4 ಸೆಂ.ಮೀ.ಗೆ ಒಂದು ಪೆನ್ನಿನ ಗುರುತು, ಟೇಪು ಚರ್ಮಕ್ಕೆ ತಾಗಬೇಕು, ಒಳಗೆ ಹೂಳಬಾರದು. ಪ್ರತಿ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಎಲ್ಲ ಕೂಡಿಸಿ, 3.14ರಿಂದ ಭಾಗಿಸಿದರೆ ತೋಳಿನ ಗಾತ್ರ ಹೆಚ್ಚುಕಡಿಮೆ ಮಿಲಿಲೀಟರಿನಲ್ಲಿ ಸಿಗುತ್ತದೆ. 28 ಸೆಂ.ಮೀ. ಸುತ್ತಳತೆ ಇರುವ ತುಂಡು 250 ಮಿ.ಲೀ., ಅದೇ 29 ಆದರೆ 268. ಕಣ್ಣಿಗೆ ಕಾಣದ ಒಂದು ಸೆಂಟಿಮೀಟರು ಅಂದರೆ ಒಂದು ತುಂಡಿನಲ್ಲೇ 18 ಮಿ.ಲೀ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ, ಎರಡೂ ತೋಳು. ಅಡುಗೆಮನೆಯ ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡಿ, ಮುಂದಿನ ಸೆಷನ್ನಿಗೆ ಆ ಹಾಳೆಯನ್ನೇ ತೆಗೆದುಕೊಂಡು ಹೋಗಿ.