ಆಪಲ್ ಸಾಧನಗಳು: ಕಿತ್ತದ್ದೆಷ್ಟು, ವಾಪಸ್ ತಂದದ್ದೆಷ್ಟು

ಐಫೋನ್, ಐಪ್ಯಾಡ್, ಮ್ಯಾಕ್‌ಬುಕ್ ಮೂರನ್ನೂ ಬಹಳ ವರ್ಷಗಳಿಂದ ಬಳಸುತ್ತಿದ್ದೇನೆ. ಹೊಸದು ಕೈಗೆ ಬಂದ ವಾರಕ್ಕೇ ಬರೆಯುವ ವಿಮರ್ಶೆಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಮೊದಲ ವಾರ ಎಲ್ಲವೂ ಚೆಂದವೇ. ಬ್ಯಾಟರಿ ಸವೆದು, ಚಾರ್ಜರ್ ಬದಲಾಗಿ, ಎರಡು ಮೂರು ದೊಡ್ಡ ಅಪ್‌ಡೇಟ್ ಬಂದುಹೋದ ಮೇಲೆ ಏನನ್ನಿಸುತ್ತದೆ ಅನ್ನೋದು ಬೇರೆ ವಿಷಯ. ಇಲ್ಲಿ ಬರೆದಿರುವುದು ಅದನ್ನೇ.

ಈ ಯಂತ್ರಗಳ ಒಳಗಿನ ಕೆಲಸದ ಬಗ್ಗೆ ನನಗೆ ತಕರಾರು ಕಡಿಮೆ. ತಕರಾರು ಇರುವುದು ಅವರು ಕಿತ್ತುಹಾಕುವ ವಸ್ತುಗಳ ಬಗ್ಗೆ. ಬೇರೆಯವರು ಹೊಸದೇನು ಸೇರಿಸಿದೆವು ಅಂತ ಹೇಳಿಕೊಂಡರೆ, ಆಪಲ್ ಏನು ತೆಗೆದೆವು ಅಂತ ಹೇಳಿ ಚಪ್ಪಾಳೆ ಗಿಟ್ಟಿಸುತ್ತದೆ. ತೆಗೆದದ್ದೆಲ್ಲ ತಪ್ಪು ಅಂತಲ್ಲ. 2008ರಲ್ಲಿ ಮ್ಯಾಕ್‌ಬುಕ್ ಏರ್ ಡಿವಿಡಿ ಡ್ರೈವ್ ಇಲ್ಲದೆ ಬಂದಾಗ ಮೂಗು ಮುರಿದವರು ಬಹಳ ಜನ. ಈಗ ಅದನ್ನು ಯಾರು ಕೇಳುತ್ತಾರೆ? ಆದರೆ ಪ್ರತಿ ಸಲವೂ ನಾನು ನೋಡುವುದು ಒಂದೇ: ತೆಗೆದ ಮೇಲೆ ಆ ಭಾರ ಯಾರ ತಲೆಗೆ ಬಿತ್ತು?

2016ರ ಮ್ಯಾಕ್‌ಬುಕ್ ಪ್ರೊ ತೆಗೆದುಕೊಳ್ಳಿ. ಟಿವಿ, ಪ್ರೊಜೆಕ್ಟರ್ ಜೋಡಿಸುವ ಎಚ್‌ಡಿಎಂಐ ಇಲ್ಲ, ಕ್ಯಾಮೆರಾದ ಎಸ್‌ಡಿ ಕಾರ್ಡ್ ಹಾಕುವ ಜಾಗ ಇಲ್ಲ, ಹಳೇ ಯುಎಸ್‌ಬಿ ಇಲ್ಲ. ಕಾಲು ತಾಗಿದರೆ ತಾನೇ ಕಳಚಿಕೊಂಡು ಲ್ಯಾಪ್‌ಟಾಪನ್ನು ಉಳಿಸುತ್ತಿದ್ದ ಮ್ಯಾಗ್‌ಸೇಫ್ ಚಾರ್ಜರ್, 2006ರಿಂದ ಇದ್ದದ್ದು, ಅದೂ ಹೋಯಿತು. ಉಳಿದದ್ದು ಯುಎಸ್‌ಬಿ-ಸಿ ಆಕಾರದ ರಂಧ್ರಗಳು, ಜೊತೆಗೆ ಒಂದು ಹೆಡ್‌ಫೋನ್ ಜ್ಯಾಕ್. ಯಂತ್ರ ತೆಳ್ಳಗಾಯಿತು, ನಿಜ. ಅಡಾಪ್ಟರ್‌ಗಳು ತುಂಬಿ ಬ್ಯಾಗು ದಪ್ಪಗಾಯಿತು. ಹೆಸರಲ್ಲೇ 'ಪ್ರೊ' ಇರುವ ಯಂತ್ರವನ್ನು ಕೊಳ್ಳುವವರೇ ಫೋಟೋ ತೆಗೆಯುವವರು, ವೀಡಿಯೊ ಎಡಿಟ್ ಮಾಡುವವರು. ಅವರಿಗೇ ಕಾರ್ಡ್ ಹಾಕುವ ಜಾಗ ಬೇಡ ಅಂತ ಯಾರಿಗೆ ಹೊಳೆಯಿತೋ!

ಅದೇ ಯಂತ್ರದಲ್ಲಿ ಬಟರ್‌ಫ್ಲೈ ಕೀಬೋರ್ಡ್ ಕೂಡ ಇತ್ತು. ಅದು ಮೊದಲು ಬಂದದ್ದು 2015ರ 12 ಇಂಚಿನ ಮ್ಯಾಕ್‌ಬುಕ್‌ನಲ್ಲಿ. ಕೀಲಿಗಳು ಒತ್ತಿದರೆ ಒಳಗೆ ಹೋಗುವುದೇ ಇಲ್ಲ ಅನ್ನುವಷ್ಟು ತೆಳು. ಒಂದು ಧೂಳಿನ ಕಣ ಕೆಳಗೆ ಸೇರಿಕೊಂಡರೆ ಅಕ್ಷರ ಬರುವುದಿಲ್ಲ, ಇಲ್ಲವಾದರೆ ಎರಡೆರಡು ಸಲ ಬರುತ್ತದೆ ಅಂತ ಪ್ರಪಂಚದ ಎಲ್ಲ ಕಡೆಯಿಂದ ದೂರು ಬಂತು. ನನಗೆ ಜಾಸ್ತಿ ಸಿಟ್ಟು ಬಂದದ್ದು ರಿಪೇರಿಯ ವಿಷಯದಲ್ಲಿ. ಕೀಬೋರ್ಡನ್ನು ಮೇಲಿನ ಕವಚಕ್ಕೆ ರಿವೆಟ್ ಹೊಡೆದು ಕೂರಿಸಿದ್ದರು, ಬ್ಯಾಟರಿಯೂ ಅದಕ್ಕೇ ಅಂಟಿಕೊಂಡಿತ್ತು. ಹಾಗಾಗಿ ಕೀಬೋರ್ಡ್ ಬದಲಿಸಬೇಕು ಅಂದರೆ ಬ್ಯಾಟರಿ ಸಮೇತ ಮೇಲ್ಭಾಗವೇ ಹೊಸದು. 2018ರಲ್ಲಿ ಉಚಿತ ರಿಪೇರಿ ಯೋಜನೆ ಶುರು ಮಾಡಿದರು. ಅದೇ ವರ್ಷದ ಮಾಡೆಲ್‌ನಲ್ಲಿ ಕೀಲಿಗಳ ಕೆಳಗೆ ಸಿಲಿಕೋನ್ ಪೊರೆ ಹಾಕಿದರು, ಅದನ್ನೂ ಸದ್ದು ಕಡಿಮೆ ಮಾಡಲು ಅಂತ ಹೇಳಿಕೊಂಡರು. ಕೊನೆಗೆ 2019ರ 16 ಇಂಚಿನ ಮಾಡೆಲ್‌ನಲ್ಲಿ ಹಳೇ ಕತ್ತರಿ ಮಾದರಿಯ ಕೀಲಿಗಳೇ ವಾಪಸ್ ಬಂದವು. ಅಮೆರಿಕದಲ್ಲಿ ಗ್ರಾಹಕರು ಹೂಡಿದ್ದ ಮೊಕದ್ದಮೆಯನ್ನು 2022ರಲ್ಲಿ 5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡರು. ತಪ್ಪು ಮಾತ್ರ ಒಪ್ಪಿಕೊಳ್ಳಲಿಲ್ಲ.

ಆ ತಲೆಮಾರಿನ ಲ್ಯಾಪ್‌ಟಾಪನ್ನು ನಾನು ಕೊಳ್ಳಲೇ ಇಲ್ಲ. ಹಳೆಯದನ್ನೇ ಹೇಗೋ ನಡೆಸಿಕೊಂಡು ಹೋದೆ. 2021ರಲ್ಲಿ 14 ಮತ್ತು 16 ಇಂಚಿನ ಮ್ಯಾಕ್‌ಬುಕ್ ಪ್ರೊ ಬಂದಾಗ ನೋಡಿದರೆ ಎಚ್‌ಡಿಎಂಐ ಇದೆ, ಎಸ್‌ಡಿ ಕಾರ್ಡ್ ಇದೆ, ಮ್ಯಾಗ್‌ಸೇಫ್ ಇದೆ, ಕೀಬೋರ್ಡಿನ ಮೇಲಿನ ಸಾಲಿನಲ್ಲಿದ್ದ ಟಚ್ ಬಾರ್ ಅನ್ನುವ ಸ್ಪರ್ಶಪಟ್ಟಿ ಹೋಗಿ ನಿಜವಾದ ಕೀಲಿಗಳು ಬಂದಿವೆ. ಐದು ವರ್ಷ ಬಿಟ್ಟು ಅದೇ ರಂಧ್ರಗಳನ್ನು ಹೊಸ ಸೌಲಭ್ಯ ಅಂತ ಮಾರಿದರು, ನಾವೂ ಖುಷಿಯಿಂದ ಕೊಂಡೆವು!

ಫೋನಿನ ಕಥೆ ಸ್ವಲ್ಪ ಬೇರೆ. 2016ರ ಐಫೋನ್ 7ರಲ್ಲಿ ಹೆಡ್‌ಫೋನ್ ಜ್ಯಾಕ್ ತೆಗೆದರು, ಅದೇ ದಿನ ಏರ್‌ಪಾಡ್ಸ್ ತೋರಿಸಿದರು. ಇದು ಕಾಕತಾಳೀಯ ಅಂತ ನಂಬುವಷ್ಟು ಮುಗ್ಧ ನಾನಲ್ಲ. ಏರ್‌ಪಾಡ್ಸ್ ಒಳ್ಳೆಯ ವಸ್ತುವೇ, ದಿನವೂ ಕಿವಿಯಲ್ಲಿರುತ್ತದೆ. ಆದರೆ ಅದರ ಪುಟ್ಟ ಬ್ಯಾಟರಿ ಕೆಲವೇ ವರ್ಷದಲ್ಲಿ ಸವೆಯುತ್ತದೆ, ಅದನ್ನು ಬಿಚ್ಚಿ ಬದಲಿಸಲು ನಮ್ಮ ಕೈಲಾಗುವುದಿಲ್ಲ. ತಂತಿ ಇರುವ ಹೆಡ್‌ಫೋನಿಗೆ ಆ ಆಯುಷ್ಯದ ಗಡುವೇ ಇಲ್ಲ.

2020ರಲ್ಲಿ ಐಫೋನ್ 12ರ ಬಾಕ್ಸಿನಿಂದ ಚಾರ್ಜರ್ ಮಾಯವಾಯಿತು. ಕಾರಣ ಪರಿಸರ, ಹೇಗೂ ಎಲ್ಲರ ಹತ್ತಿರ ಚಾರ್ಜರ್ ಇದೆ ಅಂತ. ಸರಿ, ಒಪ್ಪೋಣ. ಆದರೆ ಒಳಗಿಟ್ಟ ಕೇಬಲ್‌ನ ಒಂದು ತುದಿ ಯುಎಸ್‌ಬಿ-ಸಿ. ಹೆಚ್ಚಿನವರ ಹತ್ತಿರ ಇದ್ದ ಹಳೇ ಐಫೋನ್ ಚಾರ್ಜರ್‌ಗಳಿಗೆ ಅದು ಕೂರುವುದೇ ಇಲ್ಲ. ಮನೆಯಲ್ಲಿ ಇರುವುದನ್ನೇ ಬಳಸಿ ಅನ್ನುವವರು, ಇರುವುದಕ್ಕೆ ಹೊಂದುವ ತಂತಿಯನ್ನಾದರೂ ಕೊಡಬೇಕಿತ್ತು ಅಲ್ವಾ? ಐಫೋನಿಗೆ ಯುಎಸ್‌ಬಿ-ಸಿ ಬಂದದ್ದು 2023ರಲ್ಲಿ, ಅದೂ ಯುರೋಪಿಯನ್ ಒಕ್ಕೂಟ ಕಾನೂನು ಮಾಡಿದ ಮೇಲೆ. ಈಗ ಲ್ಯಾಪ್‌ಟಾಪಿಗೂ ಫೋನಿಗೂ ಒಂದೇ ತಂತಿ. ನನ್ನ ಮಟ್ಟಿಗೆ ಇಷ್ಟು ವರ್ಷಗಳಲ್ಲಿ ಐಫೋನಿಗೆ ಬಂದ ಅತಿ ಉಪಯುಕ್ತ ಬದಲಾವಣೆ ಇದು.

ಸಣ್ಣಪುಟ್ಟ ವಿಚಿತ್ರಗಳಂತೂ ಇದ್ದೇ ಇವೆ. 2015ರ ಮ್ಯಾಜಿಕ್ ಮೌಸ್‌ನ ಚಾರ್ಜಿಂಗ್ ರಂಧ್ರ ಹೊಟ್ಟೆಯ ಕೆಳಗೆ. ಚಾರ್ಜ್ ಆಗುವಾಗ ಅದನ್ನು ಸತ್ತ ಜಿರಳೆಯ ಹಾಗೆ ಅಂಗಾತ ಮಲಗಿಸಬೇಕು. 2024ರಲ್ಲಿ ಯುಎಸ್‌ಬಿ-ಸಿ ಹಾಕಿದರು, ಜಾಗ ಮಾತ್ರ ಬದಲಿಸಲಿಲ್ಲ! ಐಪ್ಯಾಡ್ ಬಂದದ್ದು 2010ರಲ್ಲಿ, ಅದಕ್ಕೆ ಆಪಲ್‌ನದೇ ಕ್ಯಾಲ್ಕುಲೇಟರ್ ಬಂದದ್ದು 2024ರಲ್ಲಿ.

ಇಷ್ಟೆಲ್ಲ ಬೈದು ಮತ್ಯಾಕೆ ಬಳಸುತ್ತೀರಿ ಅಂತ ಕೇಳಬಹುದು. ಕಾರಣ, ವೇದಿಕೆಯ ಮೇಲೆ ಅಷ್ಟಾಗಿ ಕುಣಿಸದ ಕೆಲಸಗಳು. ಐಫೋನ್ 6ಎಸ್ 2015ರಲ್ಲಿ ಐಒಎಸ್ 9 (ಐಫೋನಿನ ಆಪರೇಟಿಂಗ್ ಸಿಸ್ಟಮ್) ಜೊತೆ ಬಂತು, ಐಒಎಸ್ 15ರವರೆಗೆ ಪ್ರತಿ ವರ್ಷ ಹೊಸ ಆವೃತ್ತಿ ಸಿಕ್ಕಿತು. ಆ ಕಾಲದ ಬೇರೆ ಫೋನುಗಳಿಗೆ ಇದು ಕನಸು. ಐಫೋನ್ 14ರಲ್ಲಿ ಹಿಂದಿನ ಗಾಜನ್ನು ಬೇರೆಯಾಗಿ ಬಿಚ್ಚುವ ಹಾಗೆ ಮಾಡಿದರು. ಹೊರಗಿನಿಂದ ಹಳೇ ಫೋನಿನ ಹಾಗೇ ಕಾಣುತ್ತದೆ, ಒಳಗೆ ರಿಪೇರಿ ಸುಲಭವಾಗಿದೆ. ನನಗೆ ವಿನ್ಯಾಸ ಅಂದರೆ ಇದು. 2020ರಲ್ಲಿ ಬಂದ ಎಂ1 ಚಿಪ್ ಅಂತೂ ಲ್ಯಾಪ್‌ಟಾಪ್ ಬಗ್ಗೆ ನನಗಿದ್ದ ಅಂದಾಜನ್ನೇ ಬದಲಿಸಿತು. ಏರ್‌ನಲ್ಲಿ ಫ್ಯಾನೇ ಇಲ್ಲ, ಸದ್ದಿಲ್ಲ, ತೊಡೆಯ ಮೇಲೆ ಇಟ್ಟುಕೊಂಡರೆ ಬಿಸಿ ಅಷ್ಟಾಗಿ ಗೊತ್ತಾಗುವುದಿಲ್ಲ, ಚಾರ್ಜರ್ ಒಂದು ಕಡೆ ಮರೆತರೂ ದಿನ ಸಾಗುತ್ತದೆ. ಇಲ್ಲೂ ಫ್ಯಾನ್ ತೆಗೆದರು ನೋಡಿ, ಆದರೆ ಅದರ ಭಾರ ಚಿಪ್ ಹೊತ್ತಿತು, ನಾನಲ್ಲ.

ಹಳೇ ಐಫೋನ್‌ಗಳನ್ನು ಆಪಲ್ ಬೇಕಂತಲೇ ನಿಧಾನ ಮಾಡುತ್ತದೆ ಅನ್ನುವ ಬ್ಯಾಟರಿ ಗಲಾಟೆಯಲ್ಲಿ ಮಾತ್ರ ನಾನು ಅರ್ಧ ಅವರ ಪರ. ಹಳೇ ಲಿಥಿಯಂ ಬ್ಯಾಟರಿ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡಲಾರದೆ ಫೋನ್ ಪಟ್ಟನೆ ಆಫ್ ಆಗುತ್ತದೆ. ಅದನ್ನು ತಪ್ಪಿಸಲು ಸಾಫ್ಟ್‌ವೇರ್‌ನಿಂದ ವೇಗ ತಗ್ಗಿಸಿದ್ದು ಸರಿಯಾದ ಉಪಾಯವೇ. ಬಳಸುವವನಿಗೆ ಸರಿಯಾಗಿ ಹೇಳದೇ ಮಾಡಿದ್ದು ಸರಿಯಲ್ಲ. ವಿಷಯ ಬಯಲಾಗಿ 2017ರ ಡಿಸೆಂಬರ್‌ನಲ್ಲಿ ಕ್ಷಮೆ ಕೇಳಿದರು, ಐಒಎಸ್ 11.3ರಲ್ಲಿ ಬ್ಯಾಟರಿ ಹೆಲ್ತ್ ಪುಟ ಬಂತು. ಹಳೇ ಫೋನ್ ನಿಧಾನ ಅನ್ನಿಸಿದರೆ ಮೊದಲು ಆ ಪುಟ ನೋಡಿ. ಫೋನ್ ಬದಲಿಸುವ ಬದಲು ಬ್ಯಾಟರಿ ಬದಲಿಸಿದರೆ ಸಾಕಾಗಬಹುದು.

ಈಗ ಕೊಳ್ಳುವವರಿಗೆ ನಾನು ಹೇಳುವುದಿಷ್ಟು. ಲ್ಯಾಪ್‌ಟಾಪ್ ಬೇಕಿದ್ದರೆ ಏರ್ ಸಾಕು, ಆದರೆ ಮೆಮೊರಿ 16 ಜಿಬಿಗಿಂತ ಕಡಿಮೆ ಇರುವ ಹಳೇ ಮಾಡೆಲ್ ಬೇಡ, ಆಮೇಲೆ ಸೇರಿಸಲು ಆಗುವುದಿಲ್ಲ. ಆಪಲ್ ಏರ್‌ನ ಕನಿಷ್ಠ ಮೆಮೊರಿಯನ್ನು 16 ಜಿಬಿಗೆ ಏರಿಸಿದ್ದೇ 2024ರಲ್ಲಿ. ಹೊರ ರೂಪ ಪೂರ್ತಿ ಬದಲಾದ ವರ್ಷ ಸುಮ್ನೆ ಕಾಯಿರಿ. ಮೌಸ್ ಬೇರೆ ಕಂಪನಿಯದು ಕೊಳ್ಳಿ. 2025ರ ಐಒಎಸ್ 26ರಲ್ಲಿ ಬಂದ ಗಾಜಿನಂಥ ಪರದೆ ನನಗೆ ಓದಲು ಕಿರಿಕಿರಿ, ಹಿಂದಿನ ಚಿತ್ರವೆಲ್ಲ ಅಕ್ಷರದ ಜೊತೆ ಕಲಸಿಕೊಳ್ಳುತ್ತದೆ. ನಿಮಗೂ ಹಾಗೇ ಆಗುತ್ತಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ, ಆಕ್ಸೆಸಿಬಿಲಿಟಿ ಒಳಗೆ ಡಿಸ್‌ಪ್ಲೇ ವಿಭಾಗದಲ್ಲಿ 'ರೆಡ್ಯೂಸ್ ಟ್ರಾನ್ಸ್‌ಪರೆನ್ಸಿ' ಆನ್ ಮಾಡಿಕೊಳ್ಳಿ. ನಾನು ಮಾಡಿಕೊಂಡಿದ್ದೇನೆ, ಬಹುಪಾಲು ಸರಿಹೋಗಿದೆ.